ವಿದ್ಯುತ್ತಿನ ರೂಪ ತೋರಿಸಿದ ಶಿಕ್ಷಕ: ಕಾರ್ಲ್ ಫರ್ಡಿನಾಂಡ್ ಬ್ರೌನ್

ಇಂದಿನ ಟಿ.ವಿ.ಗಳು ಗೋಡೆಗೆ ತೂಗುಹಾಕುವಷ್ಟು ತೆಳ್ಳಗಿವೆ. ಆದರೆ ಕೆಲವು ವರ್ಷಗಳ ಹಿಂದಿನವರೆಗೂ ನಮ್ಮ ಮನೆಗಳಲ್ಲಿದ್ದುದು ಪೆಟ್ಟಿಗೆಯಂತಹ ಭಾರವಾದ ಟಿ.ವಿ. ಅದರೊಳಗಿದ್ದ ದೊಡ್ಡ ಗಾಜಿನ ಬುರುಡೆಯೇ ಕ್ಯಾಥೋಡ್ ಕಿರಣ ನಳಿಕೆ. ಅದನ್ನು ಉಪಯುಕ್ತ ಉಪಕರಣವಾಗಿ ರೂಪಿಸಿದವರು ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನಾಂಡ್ ಬ್ರೌನ್. ಅವರು ಪ್ರೌಢಶಾಲಾ ಶಿಕ್ಷಕರೂ ಆಗಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಬ್ರೌನ್ ಅವರು 1850ರ ಜೂನ್ 6ರಂದು ಜರ್ಮನಿಯ ಫುಲ್ಡಾ ಪಟ್ಟಣದಲ್ಲಿ ಜನಿಸಿದರು. ಮಾರ್ಬರ್ಗ್ ಮತ್ತು ಬರ್ಲಿನ್‌ಗಳಲ್ಲಿ ಓದಿ 1872ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಶಿಕ್ಷಕರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1874ರಲ್ಲಿ ಲೈಪ್‌ಜಿಗ್‌ನ ಸೇಂಟ್ ಥಾಮಸ್ ಶಾಲೆಯಲ್ಲಿ ಅಧ್ಯಾಪಕರಾದರು. ಮಕ್ಕಳಿಗಾಗಿ ಗಣಿತ ಮತ್ತು ವಿಜ್ಞಾನದ ಪುಸ್ತಕವನ್ನೂ ಬರೆದರು. ಕೆಲವು ಖನಿಜಗಳು ವಿದ್ಯುತ್ತನ್ನು ಒಂದು ದಿಕ್ಕಿನಲ್ಲಿ ಸುಲಭವಾಗಿಯೂ ಇನ್ನೊಂದು ದಿಕ್ಕಿನಲ್ಲಿ ಕಷ್ಟದಿಂದಲೂ ಹರಿಯಬಿಡುತ್ತವೆ ಎಂಬುದನ್ನು ಅವರು ಕಂಡುಹಿಡಿದದ್ದು ಅದೇ 1874ರಲ್ಲಿ. ಮುಂದೆ ಹಲವು ವಿಶ್ವವಿದ್ಯಾಲಯಗಳಲ್ಲಿ ಬೋಧಿಸಿ, 1895ರಲ್ಲಿ ಸ್ಟ್ರಾಸ್‌ಬರ್ಗ್‌ನ ಭೌತವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು.

ಆ ದಿನಗಳಲ್ಲಿ ನಗರಗಳಿಗೆ ಪರ್ಯಾಯ ವಿದ್ಯುತ್ ಬರತೊಡಗಿತ್ತು. ಸೆಕೆಂಡಿಗೆ ಹತ್ತಾರು ಬಾರಿ ದಿಕ್ಕು ಬದಲಿಸುವ ಈ ಪ್ರವಾಹದ ಏರಿಳಿತವನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆ? ಲೋಹದ ಮುಳ್ಳಿಗೆ ತೂಕವಿದೆ. ಅದು ಅಷ್ಟು ಬೇಗ ಓಲಾಡಲಾರದು. ತೂಕವೇ ಇಲ್ಲದಂತಹ ಮುಳ್ಳು ಬೇಕಿತ್ತು. ಕ್ಯಾಥೋಡ್ ಕಿರಣವೇ ಆ ಮುಳ್ಳಾಗಬಲ್ಲದೆಂದು ಬ್ರೌನ್ ಯೋಚಿಸಿದರು. ಗಾಳಿ ತೆಗೆದ ಉದ್ದನೆಯ ಗಾಜಿನ ನಳಿಕೆಯಲ್ಲಿ, ಸಣ್ಣ ರಂಧ್ರದ ಮೂಲಕ ಕಿರಣವನ್ನು ಹಾಯಿಸಿ, ಹೊಳೆಯುವ ಲೇಪನವಿದ್ದ ಅಭ್ರಕದ ಪರದೆಯ ಮೇಲೆ ಬೀಳಿಸಿದರು. ಪರದೆಯಲ್ಲಿ ಒಂದು ಬೆಳಕಿನ ಚುಕ್ಕೆ ಮೂಡಿತು. ನಳಿಕೆಯ ಪಕ್ಕದಲ್ಲಿಟ್ಟ ತಂತಿಸುರುಳಿಯಲ್ಲಿ ಪ್ರವಾಹ ಹರಿದಾಗ ಆ ಚುಕ್ಕೆ ಅದಕ್ಕೆ ತಕ್ಕಂತೆ ಕುಣಿಯಿತು. ಇದನ್ನು ಅವರು 1897ರಲ್ಲಿ ಪ್ರಕಟಿಸಿದರು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತೊಂದಿದೆ. ನಳಿಕೆ ಇದ್ದರಷ್ಟೇ ಸಾಲದು. ಅದಕ್ಕೆ ಅತಿ ಹೆಚ್ಚಿನ ವೋಲ್ಟೇಜ್ ಕೊಡಬೇಕು. ಬ್ರೌನ್ ಅವರ ನಳಿಕೆಯ ಕ್ಯಾಥೋಡನ್ನು ಬಿಸಿ ಮಾಡುತ್ತಿರಲಿಲ್ಲ. ತಣ್ಣನೆಯ ಲೋಹದಿಂದ ಕಿರಣ ಹೊರಡಿಸಲು ಸಾವಿರಾರು ವೋಲ್ಟ್ ಬೇಕು. ಅಂದು ಅದಕ್ಕೆ ಎರಡು ದಾರಿಗಳಿದ್ದವು. ಒಂದು, ಪ್ರೇರಣಾ ಸುರುಳಿ: ದಪ್ಪ ತಂತಿಯ ಕೆಲವೇ ಸುತ್ತುಗಳಲ್ಲಿ ಬ್ಯಾಟರಿಯ ಪ್ರವಾಹವನ್ನು ಕಡಿದು ಕಡಿದು ಹರಿಸಿದರೆ, ತೆಳು ತಂತಿಯ ಸಾವಿರಾರು ಸುತ್ತುಗಳಲ್ಲಿ ಹೆಚ್ಚಿನ ವೋಲ್ಟೇಜ್ ಹುಟ್ಟುತ್ತದೆ. ಇನ್ನೊಂದು, ತಿರುಗುವ ಗಾಜಿನ ಫಲಕಗಳಿಂದ ವಿದ್ಯುದಾವೇಶವನ್ನು ಕೂಡಿಸುವ ಯಂತ್ರ.

ಸುರುಳಿಯ ವೋಲ್ಟೇಜ್ ಬಿಟ್ಟು ಬಿಟ್ಟು ಬರುತ್ತದೆ. ವೋಲ್ಟೇಜ್ ಏರಿದರೆ ಎಲೆಕ್ಟ್ರಾನುಗಳ ವೇಗ ಏರಿ ಅವು ಕಡಿಮೆ ಬಾಗುತ್ತವೆ. ಇಳಿದರೆ ಹೆಚ್ಚು ಬಾಗುತ್ತವೆ. ಆಗ ಪರದೆಯಲ್ಲಿ ಕಂಡ ಏರಿಳಿತ ಪರೀಕ್ಷಿಸುತ್ತಿರುವ ಪ್ರವಾಹದ್ದೋ, ನಳಿಕೆಗೆ ಕೊಟ್ಟ ವಿದ್ಯುತ್ತಿನದೋ ಎಂದು ಹೇಳುವುದೇ ಕಷ್ಟ. ಫಲಕಗಳ ಯಂತ್ರ ಒಂದೇ ಸಮನಾದ ವೋಲ್ಟೇಜ್ ಕೊಡುವುದರಿಂದ ಚುಕ್ಕೆ ಅಲುಗದೆ ನಿಲ್ಲುತ್ತದೆ. ಅಳೆಯುವ ಸಾಧನ ತಾನು ಸ್ಥಿರವಾಗಿರಬೇಕು ಎಂಬ ಪಾಠ ಇದರಲ್ಲಿದೆ.

1899ರಲ್ಲಿ ಬ್ರೌನ್ ಅವರ ಸಹಾಯಕ ಯೊನಾಥನ್ ಝೆನೆಕ್ ಚುಕ್ಕೆಯನ್ನು ಅಡ್ಡಲಾಗಿಯೂ ಸಮವೇಗದಲ್ಲಿ ಚಲಿಸುವಂತೆ ಮಾಡಿ, ಅಲೆಯ ಆಕಾರವನ್ನೇ ಪರದೆಯ ಮೇಲೆ ತಂದರು. ನಂತರ ಆರ್ಥರ್ ವೇನೆಲ್ಟ್ ಬಿಸಿ ಕ್ಯಾಥೋಡನ್ನು ಬಳಕೆಗೆ ತಂದದ್ದರಿಂದ ಕೆಲವು ನೂರು ವೋಲ್ಟುಗಳಲ್ಲೇ ಕಿರಣ ದೊರೆಯಿತು. ಆದರೆ ಟಿ.ವಿ.ಯ ಪ್ರಕಾಶಮಾನವಾದ ಚಿತ್ರಕ್ಕೆ ಮತ್ತೆ ಹೆಚ್ಚಿನ ವೋಲ್ಟೇಜ್ ಬೇಕಾಯಿತು. ಬಣ್ಣದ ಟಿ.ವಿ.ಯ ನಳಿಕೆಗೆ ಸುಮಾರು 25,000 ವೋಲ್ಟ್ ಕೊಡಲಾಗುತ್ತಿತ್ತು. ಸ್ವಿಚ್ ಆರಿಸಿದ ಮೇಲೂ ಆ ಗಾಜಿನ ಬುರುಡೆಯಲ್ಲಿ ವಿದ್ಯುತ್ತು ಉಳಿದಿರಬಹುದು. ಆದ್ದರಿಂದ ಮೂಲೆಯಲ್ಲಿ ಬಿದ್ದಿರುವ ಹಳೆಯ ಟಿ.ವಿ.ಯನ್ನು ಕುತೂಹಲಕ್ಕೆಂದು ಬಿಚ್ಚುವುದು ಪ್ರಾಣಕ್ಕೇ ಅಪಾಯ. ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

ಬ್ರೌನ್ ನಿಸ್ತಂತು ಸಂದೇಶ ಕ್ಷೇತ್ರದಲ್ಲೂ ದುಡಿದರು. ಇದಕ್ಕಾಗಿ 1909ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಮಾರ್ಕೋನಿಯವರ ಜೊತೆ ಅವರಿಗೂ ದೊರೆಯಿತು. ಮೊದಲ ಮಹಾಯುದ್ಧ ಆರಂಭವಾದ ಮೇಲೆ ನಿಸ್ತಂತು ಪೇಟೆಂಟಿನ ಮೊಕದ್ದಮೆಯೊಂದರಲ್ಲಿ ಸಾಕ್ಷಿ ಹೇಳಲು ಅವರು ಅಮೆರಿಕಕ್ಕೆ ಹೋದರು. ಯುದ್ಧದಿಂದಾಗಿ ತಾಯ್ನಾಡಿಗೆ ಮರಳಲಾಗಲಿಲ್ಲ. 1918ರ ಏಪ್ರಿಲ್ 20ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕೊನೆಯುಸಿರೆಳೆದರು.

ಪೇಟೆಂಟಿನ ವ್ಯಾಜ್ಯಕ್ಕಾಗಿ ಸಾಗರ ದಾಟಿದ ಈ ವಿಜ್ಞಾನಿ, ತಮ್ಮ ನಳಿಕೆಗೆ ಮಾತ್ರ ಪೇಟೆಂಟ್ ಪಡೆದಿರಲಿಲ್ಲ. ಅದರ ವಿವರವನ್ನು ಪ್ರಕಟಿಸಿ ಎಲ್ಲರ ಕೈಗೆ ಕೊಟ್ಟರು. ಅದನ್ನೇ ಇತರರು ಸುಧಾರಿಸುತ್ತ ಹೋದರು. ಆಸ್ಪತ್ರೆಯಲ್ಲಿ ಹೃದಯದ ಬಡಿತ ತೋರಿಸುವ ಪರದೆ, ರೇಡಾರ್, ಟಿ.ವಿ., ಕಂಪ್ಯೂಟರ್ ಇವೆಲ್ಲವೂ ದಶಕಗಳ ಕಾಲ ಆ ನಳಿಕೆಯನ್ನೇ ನೆಚ್ಚಿದ್ದವು. ಕಲಿತದ್ದನ್ನು ಹಂಚುವುದು ಶಿಕ್ಷಕನ ಧರ್ಮ. ಪ್ರಾಧ್ಯಾಪಕರಾದ ಮೇಲೂ ಬ್ರೌನ್ ಅದನ್ನು ಬಿಡಲಿಲ್ಲ.