ಸಂಡೂರಿನ ಬೆಟ್ಟಗಳನ್ನು ಬಲ್ಲ ಮದರಾಸಿನ ಕೃಷ್ಣನ್

ಹೊಟ್ಟೆಪಾಡಿಗಾಗಿ ತಾಯ್ನಾಡನ್ನು ಬಿಟ್ಟು ಈ ಚೆನ್ನೈ ನಗರಕ್ಕೆ ಬಂದು ನೆಲೆಸಿರುವ ಕನ್ನಡಿಗರು ಅನೇಕರು. ನಾವೂ ಅವರಲ್ಲಿ ಒಬ್ಬರು. ಆದರೆ ಇದೇ ಊರಿನಿಂದ ಹೊಟ್ಟೆಪಾಡಿಗಾಗಿಯೇ ಕನ್ನಡ ನಾಡಿಗೆ ಹೋಗಿ, ಅಲ್ಲಿನ ಬೆಟ್ಟಗುಡ್ಡಗಳಲ್ಲಿ ಏಳು ವರ್ಷ ಅಲೆದು, ಬಳಿಕ ಕಾಡುಪ್ರಾಣಿಗಳ ಛಾಯಾಚಿತ್ರ ತೆಗೆಯುವುದರಲ್ಲಿ ದೇಶಕ್ಕೇ ಹೆಸರಾದ ತಮಿಳು ಮಹನೀಯರೊಬ್ಬರು ಇದ್ದರೆಂಬುದನ್ನು ನಮ್ಮವರಲ್ಲಿ ಹೆಚ್ಚು ಮಂದಿ ಅರಿಯರು. ಅವರೇ ಎಂ. ಕೃಷ್ಣನ್. ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ಉಚಿತವೆಂದು ನಮಗೆ ತೋರಿತು.

ಕೃಷ್ಣನ್ ಅವರು 1912ರ ಜೂನ್ 30ರಂದು ತಿರುನೆಲ್ವೇಲಿಯಲ್ಲಿ ಜನಿಸಿದರು. ತಂದೆ ಎ. ಮಾಧವಯ್ಯನವರು ತಮಿಳಿನ ಮೊದಲ ಕಾದಂಬರಿಕಾರರ ಸಾಲಿಗೆ ಸೇರಿದವರು. ಉದ್ಯೋಗ ಮಾತ್ರ ಉಪ್ಪು ಮತ್ತು ಅಬಕಾರಿ ಇಲಾಖೆಯಲ್ಲಿ. ಕಾದಂಬರಿ ಬರೆಯುವವರಿಗೆ ಇಂತಹ ಇಲಾಖೆಗಳು ಆಗಿನಿಂದಲೂ ಆಶ್ರಯವಾಗಿವೆ ಎಂಬುದನ್ನು ಕಂಡು ಗುಮಾಸ್ತರಾದ ನಮಗೆ ತುಸು ಸಮಾಧಾನ. ಮಾಧವಯ್ಯನವರು 1925ರಲ್ಲಿ ಮದರಾಸು ವಿಶ್ವವಿದ್ಯಾಲಯದ ಸೆನೆಟ್ ಸಭೆಯಲ್ಲಿ, ಪದವಿ ತರಗತಿಗಳಲ್ಲಿ ತಮಿಳನ್ನು ಕಡ್ಡಾಯ ಮಾಡಬೇಕೆಂದು ವಾದಿಸಿ, ಮಾತು ಮುಗಿಸಿದವರು ಅಲ್ಲಿಯೇ ಕುಸಿದು ತೀರಿಕೊಂಡರು. ಆಗ ಕೃಷ್ಣನ್ ಹದಿಮೂರು ವರ್ಷದ ಹುಡುಗ.

ಮನೆ ಮೈಲಾಪುರದಲ್ಲಿ. ಈಗ ಅಲ್ಲಿ ಒಂದು ಸ್ಕೂಟರು ನಿಲ್ಲಿಸಲು ಜಾಗ ಹುಡುಕಬೇಕು. ಆಗಿನ ಕಾಲಕ್ಕೆ ಸುತ್ತ ಕುರುಚಲು ಕಾಡಿತ್ತು, ನರಿಗಳಿದ್ದವು. ಹುಡುಗ ಒಂದು ಮುಂಗುಸಿಯನ್ನು ಸಾಕಿಕೊಂಡಿದ್ದನು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಫೈಸನ್ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರ ಕೈಯಲ್ಲಿ ಕಲಿತದ್ದೇ ಅವರಿಗೆ ದೊಡ್ಡ ಲಾಭವೆನ್ನಬೇಕು. ದಕ್ಷಿಣದ ಬೆಟ್ಟಗಳ ಗಿಡಮರಗಳನ್ನು ಕುರಿತು ದೊಡ್ಡ ಗ್ರಂಥ ಬರೆದ ಗುರು, ಹೆಸರು ಹೇಳುವ ಮೊದಲು ಎಲೆಯನ್ನು ಸರಿಯಾಗಿ ನೋಡಬೇಕೆನ್ನುವ ಶಾಸ್ತ್ರ. ಮುಂದೆ ಕಾನೂನಿನ ಪದವಿಯೂ ಆಯಿತು. ಆದರೆ ವಕೀಲಿ ಅವರನ್ನು ಹಿಡಿಯಲಿಲ್ಲ. ಸಣ್ಣಪುಟ್ಟ ಕೆಲಸಗಳು, ಪತ್ರಿಕೆಗಳಿಗೆ ಲೇಖನ, ಒಂದಷ್ಟು ಚಿತ್ರ ಬರೆಯುವುದು, ಹೀಗೆ ದಿನ ಸಾಗುತ್ತಿತ್ತು.

1942ರಲ್ಲಿ ಸಂಡೂರು ಸಂಸ್ಥಾನದಿಂದ ಕರೆ ಬಂದಿತು. ಬಳ್ಳಾರಿಯ ಮಗ್ಗುಲಲ್ಲಿ, ಮ್ಯಾಂಗನೀಸು ಮತ್ತು ಕಬ್ಬಿಣದ ಅದಿರಿನ ಕೆಂಪು ಬೆಟ್ಟಗಳ ನಡುವೆ, ಕುಮಾರಸ್ವಾಮಿಯ ಪುರಾತನ ಗುಡಿಯನ್ನು ತಲೆಯ ಮೇಲೆ ಹೊತ್ತುಕೊಂಡಿರುವ ಪುಟ್ಟ ಸಂಸ್ಥಾನವದು. ಘೋರ್ಪಡೆ ಮನೆತನದ ಆಳ್ವಿಕೆ. ಚಿಕ್ಕ ಸಂಸ್ಥಾನದಲ್ಲಿ ಒಬ್ಬನಿಗೆ ಒಂದೇ ಕೆಲಸವೆಂಬ ನಿಯಮ ಎಲ್ಲಿಯದು? ಕೃಷ್ಣನ್ ಅವರು ಉಪಾಧ್ಯಾಯರಾದರು, ನ್ಯಾಯಾಧೀಶರಾದರು, ಪ್ರಚಾರಾಧಿಕಾರಿಯಾದರು, ಮಹಾರಾಜರ ರಾಜಕೀಯ ಕಾರ್ಯದರ್ಶಿಯೂ ಆದರು. ಇವೆಲ್ಲದರ ನಡುವೆ ಕುರಿ ಮೇಯಿಸಿ ನೋಡಿದರು. ಪತ್ರ ಒಯ್ಯಲೆಂದು ಪಾರಿವಾಳಗಳನ್ನೂ ಸಾಕಿದರು. ಬಿಡುವು ದೊರೆತಾಗಲೆಲ್ಲ ಬೆಟ್ಟ ಹತ್ತಿದರು. ಕರಡಿ, ಚಿರತೆಗಳಿಗೆ ಹೆಸರಾದ ಸೀಮೆ ಅದು. ಮಳೆಗಾಲದಲ್ಲಿ ಹಸಿರಾಗಿ ಬೇಸಗೆಯಲ್ಲಿ ಬೋಳಾಗುವ ಆ ಕುರುಚಲು ಬೆಟ್ಟಗಳಲ್ಲಿ ಪ್ರಾಣಿ ಮರೆಯಾಗುವುದು ಕಷ್ಟ, ಮನುಷ್ಯ ಮರೆಯಾಗುವುದು ಇನ್ನೂ ಕಷ್ಟ. ನೋಡಬೇಕೆಂದರೆ ದೂರದಿಂದಲೇ ನೋಡಬೇಕು, ಅಲುಗದೆ ಕೂತು ನೋಡಬೇಕು. ಅವರ ಮುಂದಿನ ಬಾಳಿಗೆ ಬೇಕಾಗಿದ್ದ ಪಾಠ ಇದೇ. ಅದನ್ನು ಕಲಿಯಲು ಕನ್ನಡ ನಾಡಿನ ಆ ಮೂಲೆ ಒಳ್ಳೆಯ ಶಾಲೆಯಾಗಿತ್ತೆಂದು ನಾವು ಹೆಮ್ಮೆಯಿಂದ ಹೇಳಬಹುದು. ಆಗ ಬಾಲಕರಾಗಿದ್ದ ಅರಮನೆಯ ಎಂ. ವೈ. ಘೋರ್ಪಡೆಯವರು ಮುಂದೆ ಕರ್ನಾಟಕದ ಹಣಕಾಸು ಮಂತ್ರಿಯಾದರು. ಅವರೂ ವನ್ಯಜೀವಿ ಛಾಯಾಗ್ರಾಹಕರೆಂದು ಹೆಸರಾದುದು ಸಂಡೂರಿನ ನೆಲದ ಗುಣವೋ ಏನೋ.

1949ರಲ್ಲಿ ಸಂಡೂರು ಮದರಾಸು ಪ್ರಾಂತಕ್ಕೆ ಸೇರಿಹೋಯಿತು. ಕೃಷ್ಣನ್ ಮೈಲಾಪುರಕ್ಕೆ ಹಿಂದಿರುಗಿದರು. ವಯಸ್ಸು ಮೂವತ್ತೇಳು, ಸಂಸಾರವಿದೆ, ಕೈಯಲ್ಲಿ ಎರಡು ಪದವಿಗಳಿವೆ. ನಮ್ಮಂತಹವರಾಗಿದ್ದರೆ ಯಾವುದಾದರೊಂದು ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುತ್ತಿದ್ದೆವು. ಅವರು ಅಂದಿನಿಂದ ಕೊನೆಯವರೆಗೆ ಲೇಖನಿ ಮತ್ತು ಕ್ಯಾಮೆರಾಗಳನ್ನೇ ನಂಬಿ ಬದುಕಿದರು. ತಿಂಗಳ ಮೊದಲ ತಾರೀಖಿನ ಮಹಿಮೆಯನ್ನು ಬಲ್ಲ ನಾವು, ಇದೆಂತಹ ಧೈರ್ಯವೆಂಬುದನ್ನು ಬೇರೆಯವರಿಗಿಂತ ಚೆನ್ನಾಗಿ ಅಳೆಯಬಲ್ಲೆವು. 1950ರಲ್ಲಿ ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ಕಂಟ್ರಿ ನೋಟ್‌ಬುಕ್ ಎಂಬ ಅಂಕಣವನ್ನು ಆರಂಭಿಸಿ ನಲವತ್ತಾರು ವರ್ಷ ನಡೆಸಿದರು. ಇಲ್ಲಸ್ಟ್ರೇಟೆಡ್ ವೀಕ್ಲಿಯಲ್ಲಿ ವನ್ಯಜೀವಿ ಛಾಯಾಗ್ರಾಹಕನ ದಿನಚರಿಯೂ ಬಂದಿತು.

ಇನ್ನು ಅವರ ಕ್ಯಾಮೆರಾದ ಮಾತು. ಒಂದು ಕಂಪನಿಯ ಡಬ್ಬಿ, ಇನ್ನೊಂದು ಕಂಪನಿಯ ಉದ್ದನೆಯ ಟೆಲಿಫೋಟೋ ಲೆನ್ಸು, ಮತ್ತೆಲ್ಲಿಂದಲೋ ತಂದ ಬಿಡಿಭಾಗಗಳು, ಇವನ್ನೆಲ್ಲ ತಾವೇ ಜೋಡಿಸಿ ಬಿಗಿದುಕೊಂಡ ಭಾರಿ ಯಂತ್ರವದು. ಅದಕ್ಕೆ ಅವರೇ ಸೂಪರ್ ಪಾಂಡರೋಸ ಎಂಬ ನಾಮಕರಣ ಮಾಡಿದ್ದರು. ಹೆಸರಿನಲ್ಲೇ ಭಾರವಿದೆ. ಕಂಡವರು ನಗುತ್ತಿದ್ದರು, ಅದರಿಂದ ಬಂದ ಚಿತ್ರಗಳನ್ನು ಕಂಡು ಸುಮ್ಮನಾಗುತ್ತಿದ್ದರು.

ಉದ್ದನೆಯ ಲೆನ್ಸು ಏಕೆ ಬೇಕೆಂಬುದನ್ನು ಸ್ವಲ್ಪ ಲೆಕ್ಕದಿಂದ ನೋಡೋಣ. ಲೆಕ್ಕ ನಮ್ಮ ಕಸುಬು. ನಮ್ಮ ಬಾಲ್ಯದಲ್ಲಿ ಮನೆಮನೆಯಲ್ಲಿದ್ದ 35 ಮಿಲ್ಲಿಮೀಟರ್ ಫಿಲ್ಮಿನ ಚೌಕಟ್ಟು 24 ಮಿಲ್ಲಿಮೀಟರ್ ಎತ್ತರ. ಭುಜದವರೆಗೆ 90 ಸೆಂಟಿಮೀಟರ್ ಎತ್ತರವಿರುವ ಚುಕ್ಕೆ ಜಿಂಕೆಯೊಂದು ನಮ್ಮಿಂದ 30 ಮೀಟರ್ ದೂರದಲ್ಲಿ ನಿಂತಿದೆಯೆನ್ನಿ. ಸಾಮಾನ್ಯವಾದ 50 ಮಿಲ್ಲಿಮೀಟರ್ ಲೆನ್ಸು ಅದನ್ನು ಫಿಲ್ಮಿನ ಮೇಲೆ ಒಂದೂವರೆ ಮಿಲ್ಲಿಮೀಟರಿನ ಚುಕ್ಕೆಯಾಗಿ ಬರೆಯುತ್ತದೆ. 400 ಮಿಲ್ಲಿಮೀಟರ್ ಲೆನ್ಸು 12 ಮಿಲ್ಲಿಮೀಟರ್, ಎಂದರೆ ಚೌಕಟ್ಟಿನ ಅರ್ಧದಷ್ಟು ಬರೆಯುತ್ತದೆ. ಲಾಭ ಎಂಟು ಪಟ್ಟು. ಆದರೆ ಜಮೆಯ ಎದುರಿಗೆ ಖರ್ಚಿನ ಪುಟವೂ ಇದೆ. ಕೈಯ ನಡುಕವೂ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಷಟರು ಸೆಕೆಂಡಿನ ನಾನೂರನೆಯ ಒಂದು ಭಾಗಕ್ಕಿಂತ ನಿಧಾನವಾಗಬಾರದೆಂದು ಅನುಭವಿಗಳು ಹೇಳುವರು. ಅಷ್ಟು ವೇಗಕ್ಕೆ ಬೆಳಕು ಬೇಕು; ಪ್ರಾಣಿಗಳು ಹೊರಬರುವುದೋ ಬೆಳಗಿನ, ಸಂಜೆಯ ಮಬ್ಬಿನಲ್ಲಿ. ಲೆನ್ಸಿನ ಕಂಡಿಯನ್ನು ಅಗಲವಾಗಿ ತೆರೆದರೆ ಸ್ಫುಟವಾಗಿ ಕಾಣುವ ಪಟ್ಟಿ ಕಿರಿದಾಗುತ್ತದೆ: 10 ಮೀಟರ್ ದೂರದಲ್ಲಿ, 5.6ರ ಕಂಡಿಯಲ್ಲಿ, 400ರ ಲೆನ್ಸಿಗೆ ದಕ್ಕುವುದು ಸುಮಾರು ಒಂದು ಗೇಣು ಮಾತ್ರ. ಜಿಂಕೆಯ ಕಣ್ಣು ಸ್ಫುಟವಾದರೆ ಬೆನ್ನು ಮಸುಕು. ತಾನಾಗಿ ಫೋಕಸ್ ಮಾಡುವ ಯಂತ್ರವಾಗಲಿ, ನಡುಕ ತಡೆಯುವ ಉಪಾಯವಾಗಲಿ ಇಲ್ಲದ ಆ ದಿನಗಳಲ್ಲಿ ಎಲ್ಲವೂ ಬೆರಳುಗಳಿಗೇ ಬಿಟ್ಟದ್ದು.

ಇದರ ಮೇಲೆ ಅವರು ಮುದುಮಲೆಯಂತಹ ಕಾಡುಗಳಲ್ಲಿ ಪಳಗಿದ ಆನೆಯ ಬೆನ್ನೇರಿ ಚಿತ್ರ ತೆಗೆಯುತ್ತಿದ್ದರು. ಆನೆಯ ವಾಸನೆಯಲ್ಲಿ ಮನುಷ್ಯನ ವಾಸನೆ ಅಡಗುವುದರಿಂದ ಕಾಟಿ, ಜಿಂಕೆಗಳು ಅಷ್ಟು ಬೇಗ ಬೆದರುವುದಿಲ್ಲ. ಆದರೆ ಆನೆ ಉಸಿರಾಡುತ್ತದೆ, ಕಿವಿ ಬೀಸುತ್ತದೆ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತದೆ. ಟ್ರೈಪಾಡು ನಿಲ್ಲಿಸಲು ಅಲ್ಲಿ ಎಡೆಯಿಲ್ಲ. ಅದು ನಿಶ್ಚಲವಾಗುವ ಒಂದು ಕ್ಷಣಕ್ಕಾಗಿ ಅಷ್ಟು ಭಾರದ ಕ್ಯಾಮೆರಾವನ್ನು ಎತ್ತಿ ಹಿಡಿದು ಕಾಯಬೇಕು. ಬಣ್ಣದ ಫಿಲ್ಮು ಬಂದ ಮೇಲೂ ಕೃಷ್ಣನ್ ಕಪ್ಪು ಬಿಳುಪನ್ನೇ ನೆಚ್ಚಿದ್ದರು. ನೆರಳು ಬೆಳಕಿನಲ್ಲಿ ಆನೆಯ ಚರ್ಮದ ಸುಕ್ಕುಗಳು ಕಾಣುವಂತೆ ಬಣ್ಣದಲ್ಲಿ ಕಾಣವೆಂದು ಅವರ ಚಿತ್ರಗಳನ್ನು ನೋಡಿದ ಮೇಲೆ ನಮಗೂ ಅನ್ನಿಸಿದೆ.

ಇಂದು ಅಂಗಡಿಯಲ್ಲಿ 150ರಿಂದ 600 ಮಿಲ್ಲಿಮೀಟರಿನವರೆಗೆ ಹಿಗ್ಗುವ, ಕುಗ್ಗುವ ಜೂಮ್ ಲೆನ್ಸು ಸಿಗುತ್ತದೆ. ನಮ್ಮ ಬಳಗದ ತರುಣರಲ್ಲೂ ಕೆಲವರು ಕಂತಿನ ಮೇಲೆ ಕೊಂಡಿದ್ದಾರೆ. ರಜೆಯಲ್ಲಿ ಬಂಡೀಪುರಕ್ಕೂ ಕಬಿನಿಗೂ ಹೋಗಿಬರುತ್ತಾರೆ. ಸಂತೋಷವೇ. ಆದರೆ ಅಲ್ಲಿ ನಾವು ಕಂಡದ್ದನ್ನು ಹೇಳದಿರಲಾರೆವು. ಹುಲಿಯೊಂದು ದಾರಿಗೆ ಬಂದರೆ ಜೀಪುಗಳು ಮುತ್ತುತ್ತವೆ. 600ರ ಲೆನ್ಸು ಹಿಡಿದವರೂ ಇನ್ನೂ ಹತ್ತಿರ, ಇನ್ನೂ ಹತ್ತಿರ ಎಂದು ಡ್ರೈವರನ್ನು ಅವಸರಪಡಿಸುತ್ತಾರೆ. ಹಾಗಾದರೆ ಆ ಲೆನ್ಸಿಗೆ ತೆತ್ತ ಹಣವೆಲ್ಲ ಏತಕ್ಕೆ? ಉದ್ದನೆಯ ಲೆನ್ಸು ಪ್ರಾಣಿಯನ್ನು ನಮ್ಮ ಬಳಿಗೆ ತರುವ ಸಾಧನವೆಂಬುದು ಅರ್ಧ ಸತ್ಯ. ನಮ್ಮನ್ನು ಅದರಿಂದ ದೂರ ನಿಲ್ಲಿಸುವ ಸಾಧನವೆಂಬುದು ಉಳಿದರ್ಧ. ಮನುಷ್ಯನಿದ್ದಾನೆಂದು ತಿಳಿದ ಪ್ರಾಣಿ ಒಂದೋ ಓಡುತ್ತದೆ, ಇಲ್ಲವೇ ಎದುರಿಸಿ ನಿಲ್ಲುತ್ತದೆ. ತನ್ನ ಸಹಜ ಬಾಳನ್ನು ತೋರಿಸುವುದಿಲ್ಲ. ಕೃಷ್ಣನ್ ಅವರಿಗೆ ಬೇಕಾಗಿದ್ದುದು ಮೇಯುವ, ಮರಿಗೆ ಹಾಲೂಡುವ, ನೀರಿಗಿಳಿಯುವ ಆನೆ.

ಕಾಡಿಗೆ ಹೋಗಲಾರದ ಗೃಹಸ್ಥರಿಗೆ ಹಿತ್ತಿಲಿದೆ. 1961ರಲ್ಲಿ ಅಚ್ಚಾದ ಅವರ ಪುಸ್ತಕದ ಹೆಸರೇ ಕಾಡು ಮತ್ತು ಹಿತ್ತಿಲು ಎಂಬ ಅರ್ಥದ ಜಂಗಲ್ ಅಂಡ್ ಬ್ಯಾಕ್‌ಯಾರ್ಡ್. ಊರಿನ ಕಾಗೆ, ಅಳಿಲು, ಓತಿಕ್ಯಾತಗಳನ್ನೂ ಅವರು ಹುಲಿಯಷ್ಟೇ ಗೌರವದಿಂದ ಕಂಡರು. ಇಲ್ಲಿಯೂ ಉದ್ದನೆಯ ಲೆನ್ಸಿನ ಉಪಯೋಗವುಂಟು. ಚಿಟ್ಟೆಯನ್ನು ಅದರ ನಿಜಗಾತ್ರದ ಅರ್ಧದಷ್ಟು ಫಿಲ್ಮಿನ ಮೇಲೆ ತರಬೇಕಾದರೆ 50ರ ಲೆನ್ಸಿನಲ್ಲಿ ಕ್ಯಾಮೆರಾವನ್ನು ಸುಮಾರು 22 ಸೆಂಟಿಮೀಟರ್ ಸಮೀಪಕ್ಕೆ ಒಯ್ಯಬೇಕು. ಚಿಟ್ಟೆ ಅಷ್ಟರೊಳಗೆ ಪಕ್ಕದ ಮನೆಯ ದಾಸವಾಳಕ್ಕೆ ಹಾರಿರುತ್ತದೆ. 200ರ ಲೆನ್ಸಿನ ಹಿಂದೆ 10 ಸೆಂಟಿಮೀಟರಿನ ಟ್ಯೂಬು ಸೇರಿಸಿದರೆ ಅದೇ ಗಾತ್ರವನ್ನು 90 ಸೆಂಟಿಮೀಟರ್ ದೂರದಿಂದಲೇ ಪಡೆಯಬಹುದು.

1968ರಲ್ಲಿ ದೊರೆತ ಜವಹರಲಾಲ್ ನೆಹರೂ ಫೆಲೋಷಿಪ್ಪಿನ ನೆರವಿನಿಂದ ಅವರು ದಕ್ಷಿಣ ಪರ್ಯಾಯದ್ವೀಪದ ದೊಡ್ಡ ಪ್ರಾಣಿಗಳ ಸ್ಥಿತಿಗತಿಯನ್ನು ಕಾಡುಕಾಡು ತಿರುಗಿ ಪರಿಶೀಲಿಸಿದರು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಅದನ್ನು 1975ರಲ್ಲಿ ಗ್ರಂಥವಾಗಿ ಪ್ರಕಟಿಸಿತು. 1959ರಿಂದ 1970ರವರೆಗಿನ ಕಾಡುಗಳ ಲೆಕ್ಕಪುಸ್ತಕವೆಂದರೆ ಸಲ್ಲುತ್ತದೆ. ಅಣೆಕಟ್ಟು, ಗಣಿ, ತೋಟಗಳಿಗೆ ಕಾಡು ಹೋದ ಮೇಲೆ ಮೊದಲಿನ ಬಾಕಿ ಎಷ್ಟಿತ್ತೆಂದು ತಿಳಿಯಲು ಇಂತಹ ದಾಖಲೆಗಳೇ ಆಧಾರ. ಹುಲಿ ಯೋಜನೆಯ ಆರಂಭದ ಸಮಿತಿಯಲ್ಲಿಯೂ ಅವರಿದ್ದರು. ಪದ್ಮಶ್ರೀ ಬಂದಿತು, 1995ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದ ಗ್ಲೋಬಲ್ 500 ಗೌರವವೂ ಸಂದಿತು.

1996ರ ಫೆಬ್ರವರಿ 18ರಂದು ಕೃಷ್ಣನ್ ಅವರು ಚೆನ್ನೈಯಲ್ಲಿ ನಿಧನರಾದರು. ಕಂಟ್ರಿ ನೋಟ್‌ಬುಕ್ಕಿನ ಕೊನೆಯ ಕಂತು ಅದೇ ದಿನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಹತ್ತು ವರ್ಷಗಳ ತರುವಾಯ, 2006ರಲ್ಲಿ, ಅವರ ಛಾಯಾಚಿತ್ರಗಳನ್ನೂ ಬರಹಗಳನ್ನೂ ಕೂಡಿಸಿದ ಐ ಇನ್ ದ ಜಂಗಲ್ ಎಂಬ ದೊಡ್ಡ ಗ್ರಂಥ ಹೊರಬಂದಿತು. ಅದನ್ನು ಸಿದ್ಧಪಡಿಸಿದವರಲ್ಲಿ ಬೆಂಗಳೂರಿನ ಪ್ರಸಿದ್ಧ ಛಾಯಾಗ್ರಾಹಕ ಟಿ. ಎನ್. ಎ. ಪೆರುಮಾಳ್ ಅವರೂ ಒಬ್ಬರು.