ಶಿಕಾರಿ ರಾಜ, ಹಾಜರಿ ಬೇಡ

ಕೊಗನೊಳ್ಳಿ ಟೋಲ್ ದಾಟಿ ಸ್ವಲ್ಪ ಮುಂದೆ ಹೋದ್ರೆ ಕಾಗಲ್. ಅಲ್ಲಿಗೆ ಬಂದಾಗೆಲ್ಲ ನನಗೆ ನೆನಪಾಗೋದು ಶಾಹು ಮಹಾರಾಜ. ಕಾಗಲ್‌ನ ಘಾಟಗೆ ಮನೆತನದಲ್ಲಿ 1874ರಲ್ಲಿ ಹುಟ್ಟಿದ ಯಶವಂತರಾವ್ 1884ರಲ್ಲಿ ಕೊಲ್ಹಾಪುರಕ್ಕೆ ದತ್ತು ಹೋದರು, 1894ರಲ್ಲಿ ಅಧಿಕಾರ ವಹಿಸಿಕೊಂಡರು. 1902ರಲ್ಲಿ ಅವರು ತಂದ ಶೇ. 50 ಮೀಸಲಾತಿ ನಮಗೆ ಗೊತ್ತು. ಅವರ ಶಿಕಾರಿ ಹುಚ್ಚು ಅಷ್ಟಾಗಿ ಗೊತ್ತಿಲ್ಲ. ಪಳಗಿಸಿದ ಚೀತಾಗಳನ್ನು ಬಿಟ್ಟು ಕೃಷ್ಣಮೃಗ ಹಿಡಿಸುತ್ತಿದ್ದರು.

ರಾಜನಿಗೆ ಬೇಟೆ ಶೋಕಿ, ಬೇಡರಿಗೆ ಬದುಕು. ಎಂಜಿನಿಯರಿಂಗ್ ಓದಿದ ನನಗೆ ಅವರ ಕೋವಿ ಬಗ್ಗೆ ಬೆರಗು. ನಳಿಕೆಯ ಬಾಯಿಂದ ಮದ್ದು ತುಂಬಬೇಕು, ಸಿಗೋದು ಒಂದೇ ಗುಂಡು. ತಪ್ಪಿದರೆ ಜಿಂಕೆ ಮಾಯ. ಸ್ಕೋಪ್ ಎಲ್ಲಿಂದ ಬರಬೇಕು, ಕಣ್ಣೇ ಎಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಹಲಗಲಿ ಬೇಡರು ತಿರುಗಿಬಿದ್ದರು.

ಮುಂದೆ ಇದೇ ಜನ ಕಳ್ಳರ ಪಟ್ಟಿ ಸೇರಿ ಹಾಜರಿ ಹಾಕಬೇಕಾಯ್ತು. 1918ರಲ್ಲಿ ಶಾಹು ತಮ್ಮ ಸಂಸ್ಥಾನದಲ್ಲಿ ಬೇಡ, ಮಹಾರ, ಮಾಂಗ ಜನರ ಹಾಜರಿ ಪದ್ಧತಿ ರದ್ದು ಮಾಡಿದರು. ಬೇಟೆಯಾಡಿ ಬದುಕುತ್ತಿದ್ದ ಫಾಸೆ ಪಾರ್ಧಿಗಳನ್ನು ಕರೆದು ಕೆಲಸ ಕೊಟ್ಟರು. 1922ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 47.

1972ರ ಕಾಯ್ದೆ ಬೇಟೆ ನಿಲ್ಲಿಸಿತು, ಸರಿಯೇ. ಆದರೆ ಊರಲ್ಲಿ ಕಳವಾದರೆ ಪೊಲೀಸ್ ಜೀಪು ಇವತ್ತಿಗೂ ಮೊದಲು ಯಾರ ಗುಡಿಸಲ ಮುಂದೆ ನಿಲ್ಲುತ್ತೆ?