ಶಾಸನ ಪಿತಾಮಹ ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ ಅವರು 1837ನೇ ಇಸವಿಯಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಇವರ ತಂದೆ ಇಂಗ್ಲೆಂಡಿನಿಂದ ಬಂದ ಪಾದ್ರಿ. ರೈಸ್ ಅವರು ಮೊದಲು ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಆಮೇಲೆ ಮೈಸೂರು ಸೀಮೆಯ ಶಾಲೆಗಳ ಇನ್‌ಸ್ಪೆಕ್ಟರ್ ಆದರು.

ಶಾಲೆ ನೋಡೋಕೆ ಊರೂರು ತಿರುಗುವಾಗ ಅವರಿಗೆ ಅಕ್ಷರ ಕೆತ್ತಿದ ಕಲ್ಲುಗಳು ಕಂಡವು. ಪಂಡಿತರ ಸಹಾಯದಿಂದ ಅವನ್ನು ಓದಿದರು. ಮುಂದೆ ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಗೆ ಮೊದಲ ನಿರ್ದೇಶಕರಾದರು. ಸುಮಾರು 9 ಸಾವಿರ ಶಾಸನಗಳನ್ನು ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ 12 ಸಂಪುಟಗಳನ್ನು ಅಚ್ಚು ಹಾಕಿಸಿದರು. 1902ರಲ್ಲಿ ಬಂದ 7ನೇ ಸಂಪುಟದಲ್ಲಿ ನಮ್ಮ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳೂ ಇವೆ. ಆಗ ಇವು ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು.

ಶಾಸನ ಅಂದ್ರೆ ಬರೀ ರಾಜರ ಕಥೆ ಅಲ್ಲ. ಕೆರೆ ಕಟ್ಟಿಸಿದವರು, ಭೂಮಿ ದಾನ ಕೊಟ್ಟವರು, ಕಳ್ಳರಿಂದ ದನ ಬಿಡಿಸೋಕೆ ಹೋಗಿ ಸತ್ತವರು, ಇವರ ಹೆಸರೂ ಇರುತ್ತವೆ. ಕೆಲವು ಕಲ್ಲಿನಲ್ಲಿ ಅವರ ತಂದೆ ತಾಯಿ, ಮಕ್ಕಳ ಹೆಸರೂ ಇರುತ್ತೆ. ಕಲ್ಲು ಒಡೆದುಹೋದರೂ ರೈಸ್ ಅವರ ಪುಸ್ತಕದಲ್ಲಿ ಆ ಹೆಸರುಗಳು ಉಳಿದಿವೆ.

ರೈಸ್ ಅವರು 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. 1927ರಲ್ಲಿ ಅಲ್ಲೇ ತೀರಿಕೊಂಡರು. ಜನ ಅವರನ್ನು ಶಾಸನ ಪಿತಾಮಹ ಎಂದು ಕರೆಯುತ್ತಾರೆ.

ನಮ್ಮ ಅಜ್ಜಿ ಊರಲ್ಲಿ ಅಕ್ಷರ ಇರೋ ಒಂದು ಕಲ್ಲಿದೆ. ಅದರ ಮೇಲೆ ಬಟ್ಟೆ ಒಗೀತಾರೆ. ನಾನೂ ಒಗೆದಿದ್ದೇನೆ. ಅರ್ಧ ಅಕ್ಷರ ಸವೆದುಹೋಗಿವೆ. ಯಾರ ಹೆಸರಿತ್ತೋ ಏನೋ! ಗೆಳೆಯರೇ, ಇಂಥ ಕಲ್ಲು ಕಂಡರೆ ಮೇಷ್ಟ್ರಿಗೆ ಹೇಳಿ. ಮನೆಯ ಅಟ್ಟದ ಮೇಲಿರೋ ಹಳೇ ಪತ್ರಗಳನ್ನೂ ಒಲೆಗೆ ಹಾಕೋಕೆ ಬಿಡಬೇಡಿ.